ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್: ಪಿಟ್ಯುಟರಿ ಮತ್ತು ಅಡ್ರಿನಲ್ ಔಷಧಿಗಳ ಟಿಪ್ಪಣಿ

ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ಒಬ್ಬ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗುವಿಗೆ ಎದೆಹಾಲು ಬರಲೇ ಇಲ್ಲ, ಮುಟ್ಟು ಮರಳಲಿಲ್ಲ. ವರ್ಷಗಳು ಉರುಳಿದ ಮೇಲೆ ಸದಾ ಸುಸ್ತು, ಚಳಿ ತಡೆಯಲಾಗದು, ಕಂಕುಳ ಕೂದಲು ಉದುರಿದೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನಾದ ಟಿ4 ಕಡಿಮೆ. ಕೈ ತಾನಾಗಿಯೇ ಅದೇ ಹಾರ್ಮೋನಿನ ಮಾತ್ರೆ, ಥೈರಾಕ್ಸಿನ್, ಬರೆಯಲು ಹೋಗುತ್ತದೆ. ಅಲ್ಲೇ ತಡೆಯಬೇಕು.

ಟಿ4 ಇಷ್ಟು ಇಳಿದಿದ್ದರೂ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಅಪ್ಪಣೆಯ ಹಾರ್ಮೋನು ಟಿಎಸ್‌ಎಚ್ ತಕ್ಕಷ್ಟು ಏರಿಲ್ಲ ಎಂಬುದೇ ಸುಳಿವು. ಇದು ಶೀಹನ್ ಸಿಂಡ್ರೋಮ್. ಬಸಿರಿನಲ್ಲಿ ದೊಡ್ಡದಾಗಿದ್ದ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಅದರ ಬಹುಭಾಗ ಸತ್ತಿದೆ. ಟಿಎಸ್‌ಎಚ್ ಜೊತೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗೆ ಕಾರ್ಟಿಸಾಲ್ ಸುರಿಸಲು ಹೇಳುವ ಎಸಿಟಿಎಚ್ ಕೂಡ ಸಾಕಷ್ಟು ಬರುತ್ತಿಲ್ಲ. ಥೈರಾಕ್ಸಿನ್ ಕೊಟ್ಟರೆ ಕಾರ್ಟಿಸಾಲ್ ಬೇಗ ಖರ್ಚಾಗುತ್ತದೆ. ಅದನ್ನು ತುಂಬಿಕೊಡಲು ಅಡ್ರಿನಲ್‌ಗೆ ಅಪ್ಪಣೆ ಕೊಡುವವರಿಲ್ಲ. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಆದ್ದರಿಂದ ಕಾರ್ಟಿಸಾಲ್ ಜಾಗ ತುಂಬುವ ಸ್ಟೀರಾಯ್ಡ್, ಹೈಡ್ರೊಕಾರ್ಟಿಸೋನ್, ಮೊದಲು. ಈ ಪಾಠದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿಲಿಗ್ರಾಂ, ಎರಡು ಮೂರು ಪಾಲಾಗಿ. ಕಾರ್ಟಿಸಾಲ್ ಬೆಳಗಿನ ಹೊತ್ತು ಉಕ್ಕಿ ರಾತ್ರಿ ಇಳಿಯುವ ಹಾರ್ಮೋನು, ಅದಕ್ಕೇ ಎದ್ದ ಕೂಡಲೇ ದೊಡ್ಡ ಪಾಲು. ಕೊನೆಯ ಮಾತ್ರೆ ತಡರಾತ್ರಿಗೆ ಸರಿದರೆ ನಿದ್ದೆ ಕೆಡುತ್ತದೆ.

ಕೊರತೆಯ ಮೂಲ ಅಡ್ರಿನಲ್‌ನಲ್ಲೇ ಇದ್ದರೆ ಅದು ಅಡಿಸನ್ ಕಾಯಿಲೆ. ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ್ದು. ಇಲ್ಲಿ ಎಸಿಟಿಎಚ್ ಏರುವುದರಿಂದ ಅಂಗೈ ಗೆರೆಗಳು, ವಸಡು ಕಪ್ಪಾಗುತ್ತವೆ. ಶೀಹನ್ ರೋಗಿ ಬಿಳಿಚಿಕೊಂಡಿರುತ್ತಾರೆ. ಹಾಸಿಗೆಯ ಪಕ್ಕದಲ್ಲೇ ಇಷ್ಟು ತಿಳಿಯುತ್ತದೆ, ಕೈ ಹಿಡಿದು ನೋಡಿದರೆ ಸಾಕು. ಅಡಿಸನ್‌ನಲ್ಲಿ ದೇಹದ ಉಪ್ಪನ್ನು ಹಿಡಿದಿಡುವ ಅಡ್ರಿನಲ್ ಹಾರ್ಮೋನು ಆಲ್ಡೊಸ್ಟಿರೋನ್ ಕೂಡ ಇರುವುದಿಲ್ಲ, ಹಾಗಾಗಿ ಅದರ ಬದಲಿಯಾಗಿ ಫ್ಲುಡ್ರೊಕಾರ್ಟಿಸೋನ್ ಸೇರಿಸುತ್ತೇವೆ. ಪಿಟ್ಯುಟರಿ ರೋಗದಲ್ಲಿ ಅದು ಬೇಡ: ಆಲ್ಡೊಸ್ಟಿರೋನನ್ನು ಮುಖ್ಯವಾಗಿ ನಡೆಸುವುದು ಮೂತ್ರಪಿಂಡದ ರೆನಿನ್, ಎಸಿಟಿಎಚ್ ಅಲ್ಲ.

ನಮ್ಮ ದೇಶದಲ್ಲಿ ಅಡಿಸನ್‌ಗೆ ಕ್ಷಯ ಇಂದಿಗೂ ಮುಖ್ಯ ಕಾರಣಗಳಲ್ಲೊಂದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಹೈಡ್ರೊಕಾರ್ಟಿಸೋನನ್ನು ಬೇಗ ಕರಗಿಸಿಬಿಡುತ್ತದೆ. ಎರಡೂ ಚೀಟಿಯಲ್ಲಿದ್ದರೆ ಸ್ಟೀರಾಯ್ಡ್ ಪ್ರಮಾಣ ಏರಿಸಬೇಕಾಗುತ್ತದೆ. ಪರೀಕ್ಷೆಯಲ್ಲಿ ಕೇಳಲಿ ಬಿಡಲಿ, ವಾರ್ಡಿನಲ್ಲಿ ಮಾತ್ರ ಮರೆಯುವಂತಿಲ್ಲ.

ಜ್ವರ ಬಂದಾಗ ಆರೋಗ್ಯವಂತರ ಅಡ್ರಿನಲ್ ತಾನೇ ಹೆಚ್ಚು ಕಾರ್ಟಿಸಾಲ್ ಸುರಿಸುತ್ತದೆ. ಇವರಲ್ಲಿ ಆ ಕೆಲಸ ಮಾತ್ರೆಯದು: ಜ್ವರ ಇಳಿಯುವವರೆಗೆ ಎರಡು ಮೂರು ಪಟ್ಟು. ವಾಂತಿಯಾದರೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದು, ಚುಚ್ಚುಮದ್ದೇ ಬೇಕು. ಕಾರ್ಟಿಸಾಲ್ ತೀರಾ ಸಾಲದೆ ರಕ್ತದೊತ್ತಡ ಕುಸಿಯುವ ಬಿಕ್ಕಟ್ಟಿನಲ್ಲಿ ವಯಸ್ಕರಿಗೆ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ, ಜೊತೆಗೆ ಸಲೈನ್, ವರದಿಗಾಗಿ ಕಾಯಬಾರದು. ಆಸ್ತಮಾಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ನುಂಗಿ, ವಾಸಿಯಾಯಿತೆಂದು ಒಂದೇ ಸಲ ಬಿಟ್ಟವರಿಗೂ ಈ ಗತಿ ಬರಬಹುದು. ಹೊರಗಿನ ಸ್ಟೀರಾಯ್ಡ್‌ಗೆ ಒಗ್ಗಿದ ಪಿಟ್ಯುಟರಿ ಮತ್ತೆ ಕೆಲಸಕ್ಕಿಳಿಯಲು ಸಮಯ ಬೇಕು. ಅದಕ್ಕೇ ಮೆಲ್ಲಮೆಲ್ಲನೆ ಇಳಿಸುವುದು.

ಹಾರ್ಮೋನು ಹೆಚ್ಚಾಗುವ ಕಾಯಿಲೆಗಳಲ್ಲಿ ಪ್ರೊಲ್ಯಾಕ್ಟಿನೋಮಾ ಒಂದನ್ನು ಹೇಳುತ್ತೇನೆ: ಎದೆಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನನ್ನು ಅತಿಯಾಗಿ ಸುರಿಸುವ ಪಿಟ್ಯುಟರಿ ಗಡ್ಡೆ. ಮಿದುಳಿನ ಡೋಪಮಿನ್ ಪ್ರೊಲ್ಯಾಕ್ಟಿನನ್ನು ಅದುಮಿಡುತ್ತದೆ. ಅದರಂತೆ ವರ್ತಿಸುವ ಕ್ಯಾಬರ್ಗೊಲಿನ್ ವಾರಕ್ಕೆ ಒಂದೆರಡು ಸಲ ಕೊಟ್ಟರೆ ಹಾರ್ಮೋನು ಇಳಿಯುತ್ತದೆ, ಗಡ್ಡೆಯೂ ಕುಗ್ಗುತ್ತದೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗಿಂತ ಮಾತ್ರೆಯೇ ಮೊದಲು.

ಪಿಟ್ಯುಟರಿ ಶಸ್ತ್ರಚಿಕಿತ್ಸೆಯಾದವರಿಗೆ ಸ್ಟೀರಾಯ್ಡ್ ಶುರುಮಾಡಿದ ಮೇಲೆ ಮೂತ್ರದ ಲೆಕ್ಕ ಇಡಿ. ಕಾರ್ಟಿಸಾಲ್ ಕೊರತೆಯಿದ್ದಾಗ ಮೂತ್ರಪಿಂಡ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಟಿಸಾಲ್ ತುಂಬಿದೊಡನೆ ಅಡಗಿದ್ದ ಡಯಾಬಿಟಿಸ್ ಇನ್ಸಿಪಿಡಸ್ (ನೀರು ಹಿಡಿದಿಡುವ ಪಿಟ್ಯುಟರಿ ಹಾರ್ಮೋನಿನ ಕೊರತೆ, ಸಕ್ಕರೆ ಕಾಯಿಲೆಯಲ್ಲ) ಹೊರಬಿದ್ದು ದಿನಕ್ಕೆ ಲೀಟರುಗಟ್ಟಲೆ ಮೂತ್ರ ಹೋಗಬಹುದು. ಆಗ ಆ ಹಾರ್ಮೋನಿನಂತೆ ವರ್ತಿಸುವ ಡೆಸ್ಮೋಪ್ರೆಸಿನ್ ಕೊಡುತ್ತೇವೆ, ಸೋಡಿಯಂ ಮೇಲೆ ಕಣ್ಣಿಟ್ಟುಕೊಂಡೇ.