ಸ್ಲಿಮ್ ಮಾಡೆಲ್ ಬರ್ಲಿ, ಮೊದ್ಲು ಬಿಸಿ ಇಳೀಲಿ

ಹೊಸ ಗೇಮ್ ಕನ್ಸೋಲ್ ಬಂದು ಎರಡ್ಮೂರು ವರ್ಷ ಆಯ್ತು ಅಂದ್ರೆ ಸಾಕು, ನಮ್ಮ ಹಾಸನದ ಹುಡುಗ್ರು ಶುರು ಮಾಡ್ತಾರೆ, "ಅಣ್ಣ, ಈಗ್ಲೇ ತಗೊಳ್ಳೋದಾ, ಸ್ಲಿಮ್ ಬರೋವರ್ಗೂ ಕಾಯೋದಾ?" ಅಂತ. (ಸ್ಲಿಮ್ ಅಂದ್ರೆ ಅದೇ ಮೆಷಿನ್ನು, ಆಮೇಲೆ ಸಣ್ಣ ಡಬ್ಬದಲ್ಲಿ ಬರೋದು.) ಕಂಪ್ನಿಯವ್ರು ಸ್ಲಿಮ್ ಬಿಡ್ಬೇಕಾ ಬೇಡ್ವಾ ಅನ್ನೋ ಮಾತು ಬಂದಾಗೆಲ್ಲ ಚರ್ಚೆ ಆಗೋದು ಡಬ್ಬದ ಅಳತೆ ಬಗ್ಗೆ, ಟಿವಿ ಷೋಕೇಸ್ ಒಳಗೆ ಕೂರತ್ತಾ, ನೋಡೋಕೆ ಚೆನ್ನಾಗಿದ್ಯಾ ಅಂತ. ನನ್ ಕೇಳಿದ್ರೆ ಅದು ಕೊನೇಲಿ ನೋಡೋ ವಿಷ್ಯ. ಒಳಗಿರೋ ಚಿಪ್ ಎಷ್ಟು ವ್ಯಾಟ್ ಎಳೆಯತ್ತೆ ಅನ್ನೋದು ಮೊದ್ಲು ಇಳೀಬೇಕು. ಅದು ಇಳಿದ್ರೆ ಡಬ್ಬ ತಾನಾಗೇ ಸಣ್ಣಗಾಗತ್ತೆ, ಅದು ಇಳೀದೆ ಬರೀ ಪ್ಲಾಸ್ಟಿಕ್ ಕಟ್ ಮಾಡಿದ್ರೆ ಅನುಭವಿಸೋದು ತಗೊಂಡೋರು.

ಯಾಕೆ ಅಂದ್ರೆ, ಪ್ಲೇಸ್ಟೇಷನ್ 5 ಥರದ ಮೆಷಿನ್ ಭಾರಿ ಗೇಮ್ ಆಡಿಸೋವಾಗ ಗೋಡೆ ಪ್ಲಗ್ಗಿಂದ ಸುಮಾರು 200 ವ್ಯಾಟ್ ಎಳೆಯತ್ತೆ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲಾನೂ ಕೊನೆಗೆ ಬಿಸಿಯಾಗೇ ಹೊರಗೆ ಬರ್ಬೇಕು, ಬೇರೆ ದಾರಿ ಇಲ್ಲ. ಮೊದಲ್ನೇ ಪಿಎಸ್5 39 ಸೆಂಟಿಮೀಟರ್ ಎತ್ತರ, ನಾಲ್ಕೂವರೆ ಕೆಜಿ ತೂಕ. ಆದ್ರೆ ಲೆಕ್ಕ ಎಲ್ಲಾ ಮಾಡೋ ಮೇನ್ ಚಿಪ್ ಒಂದೊಂದು ಕಡೆ ಎರಡು ಸೆಂಟಿಮೀಟರ್ ಕೂಡ ಇಲ್ಲ! ಉಳಿದ ಜಾಗ ತಿನ್ನೋದು ಹೀಟ್ ಸಿಂಕ್ (ಬಿಸಿ ಹೀರಿ ಗಾಳಿಗೆ ಬಿಡೋ ಲೋಹದ ರೆಕ್ಕೆಗಳು), ಫ್ಯಾನ್, ಪವರ್ ಸಪ್ಲೈ. ಈ ಬಿಸಿ ಹಾಗೇ ಇಟ್ಕೊಂಡು ಡಬ್ಬ ಕುಗ್ಗಿಸಿದ್ರೆ ಫ್ಯಾನ್ ಸಣ್ಣದಾಗತ್ತೆ, ಸಣ್ಣ ಫ್ಯಾನ್ ಅಷ್ಟೇ ಗಾಳಿ ತಳ್ಬೇಕು ಅಂದ್ರೆ ಜೋರಾಗಿ ತಿರುಗ್ಬೇಕು, ರಾತ್ರಿ ಹನ್ನೊಂದಕ್ಕೆ ಪಕ್ಕದ ರೂಮಿಂದ ಅಮ್ಮ "ಏನೋ ಅದು ಸದ್ದು" ಅಂತ ಕೇಳೋದು ಇದಕ್ಕೇ.

ಹಿಂದೆಲ್ಲ ಸ್ಲಿಮ್ ಅನ್ನೋದು ನಿಜವಾಗ್ಲೂ ಚಿಪ್ ಕುಗ್ಗಿದ್ದಕ್ಕೇ ಬರ್ತಿತ್ತು. ಪಿಎಸ್3 2006ರಲ್ಲಿ ಬಂದಾಗ ಅದರ ಮೇನ್ ಚಿಪ್ಪಾದ ಸೆಲ್ ಪ್ರೊಸೆಸರ್ 90 ನ್ಯಾನೊಮೀಟರ್ ತಂತ್ರಜ್ಞಾನದ್ದು (ಈ ನಂಬರ್ ಇಳಿದಷ್ಟೂ ಚಿಪ್ ಒಳಗಿನ ಟ್ರಾನ್ಸಿಸ್ಟರ್ ಅನ್ನೋ ಪುಟಾಣಿ ಸ್ವಿಚ್‌ಗಳು ಸಣ್ಣ ಅಂತ ಅರ್ಥ), ಮೆಷಿನ್ ಸುಮಾರು 5 ಕೆಜಿ, ಪವರ್ ರೇಟಿಂಗ್ 380 ವ್ಯಾಟ್. 2009ರ ಸ್ಲಿಮ್ ಹೊತ್ತಿಗೆ ಸೆಲ್ 45 ನ್ಯಾನೊಮೀಟರ್‌ಗೆ ಇಳಿದಿತ್ತು, ರೇಟಿಂಗ್ 250 ವ್ಯಾಟ್, ತೂಕ 3.2 ಕೆಜಿ, ಅಮೆರಿಕದಲ್ಲಿ ಬೆಲೆ 299 ಡಾಲರ್. ಟ್ರಾನ್ಸಿಸ್ಟರ್ ಸಣ್ಣದಾದ್ರೆ ಆನ್-ಆಫ್ ಮಾಡೋಕೆ ಕಮ್ಮಿ ಚಾರ್ಜ್ ಸಾಕು, ವೋಲ್ಟೇಜೂ ಇಳಿಸ್ಬೋದು, ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯೋದ್ರಿಂದ ಲಾಭ ದೊಡ್ಡದು.

ಬಿಸಿ ಸರಿಯಾಗಿ ನೋಡ್ಕೊಳ್ದೆ ಹೋದ್ರೆ ಏನಾಗತ್ತೆ ಅನ್ನೋದಕ್ಕೆ 2005ರ ಎಕ್ಸ್‌ಬಾಕ್ಸ್ 360 ಇದೆ. ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ ಚಿಪ್ ಪ್ಯಾಕೇಜಿನ ಒಳಗಿನ ಬೆಸುಗೆಗಳೇ ಬಿಟ್ಕೊಂಡ್ವು, ಮುಂದಿನ ಬಟನ್ ಸುತ್ತ ಕೆಂಪು ದೀಪ. 2007ರಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನ ಮೂರು ವರ್ಷಕ್ಕೆ ಎಳೆದು, ಅದಕ್ಕೇಂತ 100 ಕೋಟಿ ಡಾಲರ್‌ಗಿಂತ ಜಾಸ್ತಿ ತೆಗೆದಿಡ್ಬೇಕಾಯ್ತು. 2010ರ ಸ್ಲಿಮ್ ಮಾಡೆಲ್‌ನಲ್ಲಿ ಲೆಕ್ಕ ಮಾಡೋ ಸಿಪಿಯು, ಚಿತ್ರ ಬಿಡಿಸೋ ಜಿಪಿಯು ಎರಡನ್ನೂ 45 ನ್ಯಾನೊಮೀಟರ್‌ನ ಒಂದೇ ಚಿಪ್ಪಿಗೆ ತಂದ್ರು, ಬಿಸಿಯ ತಲೆನೋವು ಬಹಳ ಮಟ್ಟಿಗೆ ಇಳೀತು.

ಕಂಪ್ನಿಗೆ ಇದ್ರಲ್ಲಿ ದುಡ್ಡಿನ ಆಸೇನೂ ಇದೆ. ಚಿಪ್‌ಗಳನ್ನ 30 ಸೆಂಟಿಮೀಟರ್ ಅಗಲದ ದುಂಡಗಿನ ಸಿಲಿಕಾನ್ ತಟ್ಟೆ ಮೇಲೆ ಒಟ್ಟಿಗೆ ಮಾಡಿ ಆಮೇಲೆ ಕತ್ತರಿಸ್ತಾರೆ. ಮನೇಲಿ ಶಂಕರಪೋಳಿಗೆ ಹಿಟ್ಟು ಲಟ್ಟಿಸಿ ಕತ್ತರಿಸೋದು ನೆನಪು ಮಾಡ್ಕೊಳ್ಳಿ, ತುಂಡು ಸಣ್ಣ ಮಾಡಿದ್ರೆ ಒಂದೇ ಹಾಳೇಲಿ ಜಾಸ್ತಿ ಸಿಗತ್ತೆ, ಹಿಟ್ಟಲ್ಲಿ ಎಲ್ಲೋ ಒಂದು ಕಲ್ಲು ಸಿಕ್ರೂ ಎಸೆಯೋದು ಒಂದು ಸಣ್ಣ ತುಂಡು ಅಷ್ಟೆ, ದೊಡ್ಡ ದೊಡ್ಡದಾಗಿ ಕತ್ತರಿಸಿದ್ರೆ ಅದೇ ಒಂದು ಕಲ್ಲಿಗೆ ಎಷ್ಟೊಂದು ಹಿಟ್ಟು ದಂಡ. ತಟ್ಟೇಲಿ ಎಲ್ಲೋ ಒಂದು ದೋಷ ಇದ್ರೆ ಚಿಪ್ಪಿನ ಕತೇನೂ ಹಿಂಗೇ.

ಈಗ ಆ ಕಾಲ ಮುಗೀತಾ ಬಂದಿದೆ. ಟ್ರಾನ್ಸಿಸ್ಟರ್ ಕುಗ್ಗಿದಂಗೆ ವೋಲ್ಟೇಜೂ ಇಳಿಸ್ತಾ ಹೋಗ್ಬೋದು ಅಂತ 1974ರಲ್ಲಿ ರಾಬರ್ಟ್ ಡೆನ್ನಾರ್ಡ್ ಅನ್ನೋ ಇಂಜಿನಿಯರ್ ತೋರ್ಸಿದ್ರು, ಅದು ಮೂವತ್ತು ವರ್ಷ ನಡೀತು, 2005ರ ಆಸುಪಾಸಲ್ಲಿ ನಿಂತೋಯ್ತು, ಯಾಕಂದ್ರೆ ವೋಲ್ಟೇಜ್ ಇನ್ನೂ ಇಳಿಸಿದ್ರೆ ಟ್ರಾನ್ಸಿಸ್ಟರ್ ಆಫ್ ಇದ್ದಾಗ್ಲೂ ಕರೆಂಟ್ ಸೋರತ್ತೆ. ಚಿಪ್ ಒಳಗೆ ಪದೇ ಪದೇ ಬೇಕಾಗೋ ಡೇಟಾ ಇಟ್ಕೊಳ್ಳೋ ಕ್ಯಾಷ್ ಮೆಮೊರಿ ಅಂತೂ 5ರಿಂದ 3 ನ್ಯಾನೊಮೀಟರ್‌ಗೆ ಹೋದಾಗ ಹೆಚ್ಚೇನೂ ಕುಗ್ಗಿಲ್ಲ. ಮೇಲಿಂದ ತಟ್ಟೆ ರೇಟು ಪ್ರತಿ ತಲೆಮಾರಿಗೂ ಏರ್ತಾನೇ ಇದೆ. ಹಿಂಗಾಗಿ ಕುಗ್ಗಿಸಿದ್ರೆ ಅಗ್ಗ ಆಗತ್ತೆ ಅನ್ನೋ ಗ್ಯಾರಂಟಿ ಈಗ ಇಲ್ಲ.

ಪಿಎಸ್5 ಸ್ಲಿಮ್ ನೋಡಿ. 2023ರ ನವೆಂಬರ್‌ನಲ್ಲಿ ಬಂತು, ಗಾತ್ರ ಶೇಕಡಾ 30ಕ್ಕಿಂತ ಜಾಸ್ತಿನೇ ಇಳೀತು, ಡಿಸ್ಕ್ ಡ್ರೈವ್ ಬಿಚ್ಚಿ ಹಾಕ್ಬೋದು, ಎಲ್ಲಾ ಸರಿ. ಆದ್ರೆ ಚಿಪ್ ಅದೇ 6 ನ್ಯಾನೊಮೀಟರ್, 2022ರಲ್ಲೇ ಹಳೇ ಆಕಾರದ ಮೆಷಿನ್ ಒಳಗೆ ಸದ್ದಿಲ್ಲದೆ ಸೇರಿಸಿದ್ದು. ಅಮೆರಿಕದಲ್ಲಿ ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಎಡಿಷನ್ ಬೆಲೆ 400ರಿಂದ 450 ಡಾಲರ್‌ಗೆ ಏರ್ತು! ಸಣ್ಣದೂ ಆಯ್ತು, ದುಬಾರೀನೂ ಆಯ್ತು.

ಇದಕ್ಕೆ ಉಲ್ಟಾ, ನಂಗೆ ತುಂಬ ಇಷ್ಟ ಆಗಿದ್ದು ಕೈಯಲ್ಲಿ ಹಿಡ್ಕೊಂಡೂ ಆಡೋ ನಿಂಟೆಂಡೊ ಸ್ವಿಚ್‌ನ 2019ರ ಮಾಡೆಲ್. ಆಕಾರ ಒಂಚೂರೂ ಬದಲಾಗ್ಲಿಲ್ಲ, ಒಳಗೆ ಚಿಪ್ 20ರಿಂದ 16 ನ್ಯಾನೊಮೀಟರ್‌ಗೆ ಹೋಯ್ತು, ಎರಡೂವರೆಯಿಂದ ಆರೂವರೆ ಗಂಟೆ ಬರ್ತಿದ್ದ ಬ್ಯಾಟರಿ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರೋಕೆ ಶುರುವಾಯ್ತು. ಉಳಿತಾಯನ ಡಬ್ಬ ಸಣ್ಣ ಮಾಡೋಕೆ ಸುರೀದೆ ಆಡೋನ ಕೈಗೆ ಕೊಟ್ರು.

ನಮ್ಮೂರಿನ ಲೆಕ್ಕಾನೂ ಸ್ವಲ್ಪ ಬೇರೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ ಸಾವಿರ ಮೀಟರ್ ಮೇಲಿವೆ, ಇಲ್ಲಿ ಗಾಳಿ ಮಂಗಳೂರಿಗಿಂತ ಶೇಕಡಾ ಹತ್ತರಷ್ಟು ತೆಳು, ಫ್ಯಾನ್ ಅಷ್ಟೇ ಸ್ಪೀಡಲ್ಲಿ ತಿರುಗಿದ್ರೂ ಬಿಸಿ ಹೊತ್ಕೊಂಡು ಹೋಗೋ ಗಾಳಿ ಕಮ್ಮಿ. ಆದ್ರೆ ನಮ್ ಗಾಳಿ ತಂಪು, ಹಂಗಾಗಿ ನಷ್ಟ ಏನಿಲ್ಲ ಬಿಡಿ. (ಗಾಳೀನೇ ಇಲ್ದೆ ಹೋದ್ರೆ ಏನ್ ಮಾಡ್ತಾರೆ ಅಂತ ಕೇಳೋರಿಗೆ ಉತ್ತರನೂ ಹಾಸನದಲ್ಲೇ ಇದೆ, ಇಲ್ಲಿನ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವ್ರು ನೋಡ್ಕೊಳ್ಳೋ ಉಪಗ್ರಹಗಳಿಗೆ ಫ್ಯಾನ್ ಹಾಕೋ ಹಂಗೇ ಇಲ್ಲ, ಬಿಸಿ ಪೂರ್ತಿ ವಿಕಿರಣವಾಗೇ ಹೋಗ್ಬೇಕು, ಅಲ್ಲಿ ಒಂದೊಂದು ವ್ಯಾಟಿಗೂ ಲೆಕ್ಕ.) ನಮಗೆ ಕಾಟ ಕೊಡೋದು ಧೂಳು ಮತ್ತೆ ಥಂಡಿ. ಮೂಡಿಗೆರೆ ಸಕಲೇಶಪುರ ಕಡೆ ಮಳೆಗಾಲದಲ್ಲಿ ಬೆಲ್ಟಿಗೂ ಬೂಷ್ಟು ಬರತ್ತೆ, ಅಂಥಾ ಕಡೆ ಹೀಟ್ ಸಿಂಕ್ ಸಂದೀಲಿ ಧೂಳು ಹಸಿಯಾಗಿ ಮೆತ್ಕೊಳತ್ತೆ, ಸಂದಿ ಕಿರಿದಾದಷ್ಟೂ ಬೇಗ ಕಟ್ಕೊಳತ್ತೆ. ಕರೆಂಟ್ ಹೋದ್ಮೇಲೆ ಯುಪಿಎಸ್ಸಲ್ಲೇ ಆಡೋರಿಗೂ ಡಬ್ಬದ ಅಗಲಕ್ಕಿಂತ ವ್ಯಾಟ್ ಮುಖ್ಯ, ಮನೇಲಿರೋ 150 ಆಂಪಿಯರ್-ಅವರ್ ಬ್ಯಾಟರೀಲಿ ಫ್ಯಾನು ಲೈಟು ಎಲ್ಲಾ ನಡೀಬೇಕಲ್ಲ.

ಪವರ್ ಸಪ್ಲೈ ಬಗ್ಗೆ ಒಂದು ಮಾತು. 2004ರ ಪಿಎಸ್2 ಸ್ಲಿಮ್‌ನಲ್ಲಿ ಅಡಾಪ್ಟರ್ ಹೊರಗಿತ್ತು, ಆಮೇಲಿನ ಮಾಡೆಲ್‌ನಲ್ಲಿ ಒಳಗೆ ಹಾಕಿದ್ರು. ನೋಡೋಕೆ ನೀಟು, ಒಪ್ತೀನಿ, ಆದ್ರೆ ಗುಡುಗು ಸಿಡಿಲಿಗೆ, ಮೇಲೆ ಕೆಳಗೆ ಆಡೋ ವೋಲ್ಟೇಜಿಗೆ ಮೊದ್ಲು ಸಾಯೋ ಪಾರ್ಟು ಅದೇ, ಹೊರಗಿದ್ರೆ ಬೇರೆ ತಂದು ಚುಚ್ಚಿದ್ರೆ ಆಯ್ತು, ಒಳಗಿದ್ರೆ ಮೆಷಿನ್ ಬಿಚ್ಚೋನ್ನ ಹುಡುಕ್ಬೇಕು.

ಹಂಗಾಗಿ ಸ್ಲಿಮ್ ಬಿಡ್ಬೇಕಾ ಅಂದ್ರೆ, ಚಿಪ್ ಒಂದು ತಲೆಮಾರು ಕುಗ್ಗಿ ವ್ಯಾಟ್ ಗಟ್ಟಿಯಾಗಿ ಇಳಿದಿದ್ರೆ ಬಿಡ್ಲಿ, ಅಲ್ಲಿವರೆಗೂ ಹಳೇ ಡಬ್ಬನೇ ಇಟ್ಕೊಂಡು ಒಳಗೆ ಸುಧಾರಿಸ್ಲಿ. ಕಾಯೋಕೆ ಆಗಲ್ಲ, ಸೆಕೆಂಡ್ ಹ್ಯಾಂಡ್ ಪಿಎಸ್5 ನೋಡ್ತಿದೀನಿ ಅನ್ನೋ ಹುಡುಗ್ರು ಮೆಷಿನ್ ಮೇಲಿನ ಮಾಡೆಲ್ ನಂಬರ್ ಓದಿ, ಸಿಎಫ್‌ಐ-1200 ಸಾಲಿಂದು ಅಂದ್ರೆ 6 ನ್ಯಾನೊಮೀಟರ್ ಚಿಪ್, ಡಿಸ್ಕ್ ಮಾಡೆಲ್ 3.9 ಕೆಜಿ. ದೊಡ್ಡ ಡಬ್ಬ, ಸ್ಲಿಮ್‌ನಲ್ಲಿರೋದೇ ಚಿಪ್, ಷೋಕೇಸ್ ಒಳಗೆ ಹಿಡೀದೆ ಇದ್ರೆ ಮೇಲಿಡಿ, ಗಾಳೀನೂ ಚೆನ್ನಾಗಿ ಆಡತ್ತೆ.