ಮಸಲ್ ಡಿಸ್ಮಾರ್ಫಿಯಾ: ನಾನು ಎಡವಿದ ಜಾಗ

ಮೈ ಗಟ್ಟಿಮುಟ್ಟಾಗಿದೆ. ಆದರೂ "ನಾನು ಸಣಕಲ, ತೋಳು ಸಾಲದು" ಎಂಬ ಕೊರಗು ತಲೆ ಬಿಟ್ಟು ಹೋಗುವುದಿಲ್ಲ. ಇದೇ ಮಸಲ್ ಡಿಸ್ಮಾರ್ಫಿಯಾ. ಹೆಚ್ಚಾಗಿ ಕಾಣುವುದು ಹುಡುಗರಲ್ಲಿ, ಗಂಡಸರಲ್ಲಿ.

ನಾನು ಎಡವಿದ್ದು ಇದನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬಲ್ಲಿ. 1993ರಲ್ಲಿ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಜೊತೆಯವರು ಬಾಡಿಬಿಲ್ಡರ್‌ಗಳಲ್ಲಿ ಇದನ್ನು ಕಂಡು 'ರಿವರ್ಸ್ ಅನೊರೆಕ್ಸಿಯಾ' ಎಂದು ಕರೆದರು (ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಯ ತಿರುಗುಮುರುಗು). ಈಗಿನ ಹೆಸರು ಬಂದಿದ್ದು 1997ರಲ್ಲಿ. ನಾನು ಹಳೆಯ ಹೆಸರಿಗೇ ಜೋತುಬಿದ್ದು, ಇದು ಊಟಕ್ಕೆ ಸಂಬಂಧಿಸಿದ ಕಾಯಿಲೆ ಎಂದು ಬರೆದುಕೊಂಡಿದ್ದೆ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5, ಬೇರೆಯೇ ಹೇಳುತ್ತದೆ. ಅದರಲ್ಲಿ ಇದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್‌ನ (ತನ್ನ ರೂಪದಲ್ಲಿ ಏನೋ ಕೊರತೆ ಇದೆ ಎಂದು ಸದಾ ಕೊರಗುವ ಕಾಯಿಲೆ) ಒಂದು ಬಗೆ. ಆ ಡಿಸಾರ್ಡರ್ ಇರುವುದು ಒಸಿಡಿಯ ಗುಂಪಿನಲ್ಲಿ. (ಒಸಿಡಿ ಎಂದರೆ ಬೇಡವೆಂದರೂ ಬರುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕೆಲಸ.)

ಒಸಿಡಿಗೂ ತೋಳಿಗೂ ಏನು ನಂಟು? ಎರಡು ದಿನ ಇದೇ ಪ್ರಶ್ನೆಗೆ ಸಿಕ್ಕಿಕೊಂಡಿದ್ದೆ. ಕೊನೆಗೆ ಸ್ನಾಯು ಮರೆತು, ಕನ್ನಡಿ ನೋಡುವ ಚಟದ ಬಗ್ಗೆ ಯೋಚಿಸಿದೆ, ಆಗ ಬಿಡಿಸಿಕೊಂಡಿತು. ಒಬ್ಬ ಹುಡುಗನಿಗೆ "ಕುಗ್ಗಿದೆನಾ?" ಎಂಬ ಯೋಚನೆ ಬರುತ್ತದೆ. ಎದೆ ಡವಗುಟ್ಟುತ್ತದೆ. ಹೋಗಿ ಕನ್ನಡಿ ನೋಡುತ್ತಾನೆ, ಟೇಪಿನಲ್ಲಿ ತೋಳು ಅಳೆಯುತ್ತಾನೆ, "ಸಣ್ಣ ಆಗಿದೀನಾ?" ಎಂದು ಗೆಳೆಯನನ್ನು ಕೇಳುತ್ತಾನೆ. ಸ್ವಲ್ಪ ಹೊತ್ತು ಸಮಾಧಾನ. ಆಮೇಲೆ ಮತ್ತೆ ಅದೇ ಯೋಚನೆ. ಸಮಾಧಾನ ಸಿಕ್ಕಿತಲ್ಲ, ಹಾಗಾಗಿ ಮುಂದಿನ ಸಲ ಕನ್ನಡಿಯ ಸೆಳೆತ ಇನ್ನೂ ಜಾಸ್ತಿ. ಕೈ ತೊಳೆದಷ್ಟೂ ಕೊಳೆಯ ಭಯ ಬೆಳೆಯುವುದು ಹೀಗೇ ಅಲ್ವಾ? ಗಾಣ ಅದೇ, ಅದರಲ್ಲಿ ಅರೆಯುತ್ತಿರುವ ಚಿಂತೆ ಮಾತ್ರ ಬೇರೆ. (ಊಟದ ಕಾಯಿಲೆಗಳಿಗೇ ಇದು ಹತ್ತಿರ ಎನ್ನುವ ತಜ್ಞರೂ ಇದ್ದಾರೆ. ಪ್ರೋಟೀನ್ ಲೆಕ್ಕ ಹಾಕುತ್ತಾ ಮದುವೆಯೂಟ ತಪ್ಪಿಸುವವರನ್ನು ನೆನೆದರೆ ಅವರ ಮಾತು ಪೂರ್ತಿ ತಳ್ಳಿಹಾಕುವಂತಿಲ್ಲ.)

ಹಾಗಾದರೆ ದಿನಾ ಜಿಮ್‌ಗೆ ಹೋಗುವವರೆಲ್ಲ ರೋಗಿಗಳಾ? ಸುಮ್ನೆ ಗಾಬರಿ ಬೇಡ. ನಾನು ನೆನಪಿಟ್ಟುಕೊಂಡ ಸುಲಭದ ದಾರಿ ಒಂದೇ ಪ್ರಶ್ನೆ: ಒಂದು ದಿನ ಜಿಮ್ ತಪ್ಪಿದರೆ ಏನಾಗುತ್ತದೆ? ಸ್ವಲ್ಪ ಬೇಜಾರಾದರೆ ಅದು ಹವ್ಯಾಸ. ಪರೀಕ್ಷೆ, ಕೆಲಸ, ನಂಟರ ಮನೆ ಎಲ್ಲ ಬಿಟ್ಟು, ಮೂಳೆ ನೋಯುತ್ತಿದ್ದರೂ ಓಡಿದರೆ ಅನುಮಾನ ಪಡಬೇಕು. ಮೈ ತೋರಿಸಲು ನಾಚಿ ದೊಗಲೆ ಬಟ್ಟೆ ಹಾಕುವುದೂ ಒಂದು ಸುಳಿವು. ಖಚಿತವಾಗಿ ಹೇಳಬೇಕಾದವರು ವೈದ್ಯರೇ.

ಸ್ಟೆರಾಯ್ಡ್: ಸ್ನಾಯು ಬೇಗ ಬೆಳೆಯಲಿ ಎಂದು ಕೆಲವರು ಇಲ್ಲಿಗೂ ಇಳಿಯುತ್ತಾರೆ. ಇದರ ಅಪಾಯಗಳು: ಹೃದಯಕ್ಕೆ ಪೆಟ್ಟು, ವೃಷಣ ಕುಗ್ಗುವುದು, ಬಿಟ್ಟಾಗ ಖಿನ್ನತೆ.

ಚಿಕಿತ್ಸೆ: ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ), ಬೇಕಾದರೆ ಎಸ್‌ಎಸ್‌ಆರ್‌ಐ ಮಾತ್ರೆ (ಖಿನ್ನತೆಗೂ ಒಸಿಡಿಗೂ ಕೊಡುವ ಔಷಧ). ಗಾಣ ಅರ್ಥವಾಗಿದ್ದರೆ ಸಿಬಿಟಿ ಅರ್ಥವಾಗುವುದೂ ಸಲೀಸು. ಯೋಚನೆ ಬಂದಾಗ ಕನ್ನಡಿಯ ಬಳಿ ಹೋಗದೆ, ಚಡಪಡಿಕೆ ತಾನಾಗಿ ಇಳಿಯುವವರೆಗೆ ತಡೆದುಕೊಳ್ಳುವುದನ್ನು ಸ್ವಲ್ಪಸ್ವಲ್ಪವೇ ಕಲಿಸುತ್ತಾರೆ.