ಹತ್ತು ನಿಮಿಷ ಮೆಗ್ಗರ್ ಲೀಡ್ ತೆಗೆಯಬೇಡಿ

6.6 ಕೆವಿ ಮೋಟಾರ್ ಒಂದಿದೆ ಅಂದುಕೊಳ್ಳಿ. ಸಪ್ಲೈ ತಪ್ಪಿಸಿ, ಕೇಬಲ್ ಕಳಚಿ, ಇನ್ಸುಲೇಶನ್ ರೆಸಿಸ್ಟೆನ್ಸ್ ಅಳೆಯುವ ಮೆಗ್ಗರ್‌ನ ಒಂದು ಲೀಡ್ ವೈಂಡಿಂಗ್‌ಗೆ, ಇನ್ನೊಂದು ಫ್ರೇಮ್‌ಗೆ ಹಾಕಿದಿರಿ. 5,000 ವೋಲ್ಟ್ ಡಿಸಿ ಕೊಟ್ಟಿರಿ. ವೈಂಡಿಂಗ್ ಬಿಸಿ 30 ಡಿಗ್ರಿ. ಒಂದು ನಿಮಿಷಕ್ಕೆ 300 ಮೆಗಾಓಮ್ ಬಂತು. ಪಾಸಾ?

ಐಇಇಇ 43 ಎಂಬ ಪರೀಕ್ಷಾ ಮಾನದಂಡದ ಪ್ರಕಾರ ರೀಡಿಂಗನ್ನು 40 ಡಿಗ್ರಿ ಲೆಕ್ಕಕ್ಕೆ ತರಬೇಕು. ಹತ್ತು ಡಿಗ್ರಿ ಏರಿದರೆ ರೆಸಿಸ್ಟೆನ್ಸ್ ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಹಳೇ ಅಂದಾಜು. ಅಂದರೆ 150. ಸುಮಾರು 1970ರ ನಂತರದ ಫಾರ್ಮ್-ವೌಂಡ್ (ಮೊದಲೇ ಆಕಾರ ಕೊಟ್ಟ ಕಾಯಿಲ್‌ಗಳ) ವೈಂಡಿಂಗ್‌ಗೆ 100 ಇದ್ದರೆ ಸಾಕು. ಹಾಗಾಗಿ ಪಾಸ್. ನಾನೂ ಮೊದಮೊದಲು ಇಷ್ಟು ಬರೆದುಕೊಂಡು ಮೆಗ್ಗರ್ ಎತ್ತಿಡುತ್ತಿದ್ದೆ.

ಈಗ ಸುಮ್ನೆ ಕಾಯಿರಿ. ಹತ್ತನೇ ನಿಮಿಷಕ್ಕೆ 390. ಇದನ್ನು 300ರಿಂದ ಭಾಗಿಸಿದರೆ 1.3. ಇದೇ ಪೋಲರೈಸೇಶನ್ ಇಂಡೆಕ್ಸ್, ಚಿಕ್ಕದಾಗಿ ಪಿಐ. ಕ್ಲಾಸ್ ಬಿ, ಎಫ್, ಎಚ್ (ಎಷ್ಟು ಬಿಸಿ ತಡೆಯುತ್ತದೆ ಅನ್ನೋದರ ದರ್ಜೆಗಳು) ಇನ್ಸುಲೇಶನ್‌ಗೆ ಕನಿಷ್ಠ 2 ಬೇಕು. ಪಾಸಾದ ಮೋಟಾರ್ ಇಲ್ಲಿ ಸಿಕ್ಕಿಬಿತ್ತು!

ಯಾಕೆ ಹೀಗೆ? ಡಿಸಿ ಕೊಟ್ಟಾಗ ಹರಿಯುವ ಕರೆಂಟ್ ಒಂದೇ ತರಹದ್ದಲ್ಲ. ಕೆಪ್ಯಾಸಿಟನ್ಸ್ ತುಂಬುವ ಕರೆಂಟ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಇನ್ಸುಲೇಶನ್ ಒಳಗಿನ ಅಣುಗಳು ನಿಧಾನಕ್ಕೆ ವೋಲ್ಟೇಜ್ ಕಡೆ ತಿರುಗುತ್ತವೆ. ಆ ಕರೆಂಟ್ ನಿಮಿಷಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಇನ್ನು ಲೀಕೇಜ್: ತೇವ, ಧೂಳು, ಎಣ್ಣೆ ಜಿಡ್ಡಿನ ಮೇಲೆ ಹರಿಯುವುದು. ಇದು ಇಳಿಯುವುದೇ ಇಲ್ಲ. ವೈಂಡಿಂಗ್ ಒಣಗಿ ಶುಚಿಯಾಗಿದ್ದರೆ ಇಳಿಯುವ ಕರೆಂಟ್‌ನದ್ದೇ ದೊಡ್ಡ ಪಾಲು, ರೀಡಿಂಗ್ ಏರುತ್ತಾ ಹೋಗುತ್ತದೆ. ಒದ್ದೆಯಾಗಿದ್ದರೆ ಲೀಕೇಜ್ ಎಲ್ಲವನ್ನೂ ನುಂಗುತ್ತದೆ, ರೀಡಿಂಗ್ ಇದ್ದಲ್ಲೇ ಇರುತ್ತದೆ.

ಹಾಗಂತ 1.3 ಬಂದ ತಕ್ಷಣ ರೀವೈಂಡಿಂಗ್‌ಗೆ ಕಳಿಸಬೇಡಿ. ಒರೆಸಿ, ಹೀಟರ್ ಹಾಕಿ ಒಣಗಿಸಿ, ಮತ್ತೆ ನೋಡಿ. ವೈಂಡಿಂಗ್ ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ ಬಿಸಿಯಾಗಿಯೇ ಇರಬೇಕು. ಇಲ್ಲದಿದ್ದರೆ ಅಳೆಯುತ್ತಿರುವಾಗಲೇ ಅದರ ಮೇಲೆ ನೀರು ಕೂರುತ್ತದೆ. ಒಂದು ನಿಮಿಷದ ರೀಡಿಂಗೇ 5,000 ಮೆಗಾಓಮ್ ದಾಟಿದರೆ ಪಿಐ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಷ್ಟು ಸಣ್ಣ ಕರೆಂಟ್‌ನಲ್ಲಿ ಆ ಅಂಕಿಗೆ ಅರ್ಥವಿಲ್ಲ.

ತಿರುಗಿದ ಅಣುಗಳು ವಾಪಸ್ ಬರುವುದೂ ನಿಧಾನವೇ. ಹತ್ತು ನಿಮಿಷ ಚಾರ್ಜ್ ಮಾಡಿದ ವೈಂಡಿಂಗನ್ನು ಕನಿಷ್ಠ ನಲವತ್ತು ನಿಮಿಷ ಅರ್ಥ್ ಮಾಡಿಡಿ. ಒಂದು ಕ್ಷಣ ಮುಟ್ಟಿಸಿ ತೆಗೆದರೆ ವೋಲ್ಟೇಜ್ ಮತ್ತೆ ಏಳುತ್ತದೆ, ಶಾಕ್ ಹೊಡೆಯುತ್ತದೆ.

ಹೈ-ಪಾಟ್, ಅಂದರೆ ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ತಡೆಯುತ್ತದಾ ಎಂದು ನೋಡುವ ಟೆಸ್ಟ್, ಬೇರೆ ಜಾತಿ. ಹೊಸ ವೈಂಡಿಂಗ್‌ಗೆ ಲೈನ್ ವೋಲ್ಟೇಜಿನ ಎರಡರಷ್ಟು, ಮೇಲೆ 1,000 ವೋಲ್ಟ್. ನಮ್ಮ ಮೋಟಾರ್‌ಗೆ 14,200 ವೋಲ್ಟ್ ಎಸಿ, ಒಂದು ನಿಮಿಷ. ತಡೆದರೆ ಪಾಸ್, ಇಲ್ಲದಿದ್ದರೆ ಅಲ್ಲೇ ತೂತು.

ಇಷ್ಟೆಲ್ಲ ಮಾಡಿದರೂ ನಾವು ನೋಡಿದ್ದು ಕಾಪರ್‌ಗೂ ಕಬ್ಬಿಣಕ್ಕೂ ನಡುವಿನ ಗೋಡೆ ಮಾತ್ರ ಅಲ್ವಾ? ಒಂದೇ ಕಾಯಿಲ್‌ನ ಎರಡು ಸುತ್ತು ಒಂದಕ್ಕೊಂದು ತಗುಲಿದ್ದರೂ ಮೆಗ್ಗರ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಸರ್ಜ್ ಟೆಸ್ಟ್. ಎರಡು ಫೇಸ್‌ಗಳಿಗೆ ಒಂದೇ ಪಲ್ಸ್ ಕೊಟ್ಟು ಅಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಸುತ್ತು ಶಾರ್ಟ್ ಆದ ಫೇಸ್‌ನ ಇಂಡಕ್ಟನ್ಸ್ ಕಮ್ಮಿಯಾಗಿರುತ್ತದೆ, ಅದರ ಅಲೆ ಎಡಕ್ಕೆ ಸರಿದು ನಿಲ್ಲುತ್ತದೆ.